ತಿಂದದ್ದು ಮೈಗೆ ಹತ್ತುತ್ತಿಲ್ಲ ಮೇಡಂ!

ಪ್ರಶ್ನೆ (ಪಿಯುಸಿ ವಿದ್ಯಾರ್ಥಿ, ಪೊನ್ನಂಪೇಟೆ ಕಡೆ):
ನಮಸ್ತೆ ಮೇಡಂ. ನನಗೆ ಈಗಷ್ಟೇ 16 ತುಂಬಿತು. ಎತ್ತರ 175 ಸೆಂ.ಮೀ., ತೂಕ 51 ಕೆಜಿ. ಹಾಕಿಯಲ್ಲಿ ಲೆಫ್ಟ್ ವಿಂಗ್ ಆಡ್ತೇನೆ. ಓಟದಲ್ಲಿ ಯಾರಿಗೂ ಬಿಟ್ಟುಕೊಡಲ್ಲ. ಆದರೆ ದಪ್ಪ ಡಿಫೆಂಡರ್ ಒಬ್ಬ ಭುಜ ತಾಗಿಸಿದ ಅಂದ್ರೆ ಬಾಲ್ ಅವನಿಗೆ, ನಾನು ಗೆರೆಯಿಂದಾಚೆ. ಬರುವ ಬೇಸಿಗೆಯ ಕೊಡವ ಕುಟುಂಬಗಳ ಹಾಕಿ ಹಬ್ಬಕ್ಕೆ ನಮ್ಮ ಒಕ್ಕದ (ಮನೆತನದ) ಟೀಮಲ್ಲಿ ಇಳಿಸ್ತೇವೆ ಅಂತ ದೊಡ್ಡಪ್ಪ ಹೇಳಿದ್ದಾರೆ, ಅಷ್ಟರೊಳಗೆ ಸ್ವಲ್ಪ ಮೈ ಬರಬೇಕು.
ದಿನಚರಿ ಹೀಗಿದೆ: ಆರು ಗಂಟೆಗೆ ಪ್ರಾಕ್ಟೀಸ್. ಅದಕ್ಕೆ ಮುಂಚೆ ಬೆಲ್ಲದ ಕಾಫಿ, ಎರಡು ಬಿಸ್ಕೆಟ್. ಎಂಟಕ್ಕೆ ಮನೆ, ಎಂಟೂವರೆಗೆ ಬಸ್. ಗಡಿಬಿಡಿಯಲ್ಲಿ ಒಂದು ಅಕ್ಕಿ ರೊಟ್ಟಿ. ಮಧ್ಯಾಹ್ನ ಒಂದಕ್ಕೆ ಡಬ್ಬಿಯಲ್ಲಿ ಅನ್ನ, ಪಲ್ಯ. ಸಂಜೆ ಮತ್ತೆ ಗ್ರೌಂಡ್. ರಾತ್ರಿ ಒಂಬತ್ತಕ್ಕೆ ಮಾತ್ರ ಹೊಟ್ಟೆ ತುಂಬಾ ಊಟ, ಭಾನುವಾರ ಪಂದಿ ಕರಿ (ಹಂದಿ ಮಾಂಸದ ಕರಿ) ಗ್ಯಾರಂಟಿ. ಇಷ್ಟು ತಿಂದರೂ ಮೈಗೆ ಹತ್ತುತ್ತಿಲ್ಲ. ಫ್ರೆಂಡ್ ಒಬ್ಬ ತೂಕ ಏರಿಸುವ ಪುಡಿ, ಮಾಸ್ ಗೇನರ್ ತಗೋ ಅಂತಾನೆ. ತಗೊಳ್ಳಲಾ?

ಉತ್ತರ (ಕ್ರೀಡಾ ಆಹಾರ ತಜ್ಞೆ, ಮಡಿಕೇರಿ):
ದಿನಚರಿ ಪೂರ್ತಿ ಬರೆದದ್ದು ಒಳ್ಳೆಯದಾಯ್ತು, ಕಾರಣ ಅದರಲ್ಲೇ ಕಾಣ್ತಿದೆ. ರಾತ್ರಿ ಊಟದ ನಂತರ ಮರುದಿನ ಮಧ್ಯಾಹ್ನ ಒಂದರವರೆಗೆ ನಿನ್ನ ಹೊಟ್ಟೆಗೆ ಬೀಳೋದು ಒಂದು ಲೋಟ ಕಾಫಿ, ಎರಡು ಬಿಸ್ಕೆಟ್, ಒಂದು ರೊಟ್ಟಿ. ಅದರ ನಡುವೆ ಎರಡು ಗಂಟೆ ಓಟ. ರಾತ್ರಿ ಎಷ್ಟೇ ತಿಂದರೂ ಈ ಗುಂಡಿ ತುಂಬೋದಿಲ್ಲ. ನೀನು ಬರೆದದ್ದನ್ನೆಲ್ಲ ಕೂಡಿಸಿದರೆ 2000 ಕ್ಯಾಲರಿ ದಾಟೋದೇ ಕಷ್ಟ. 16ರಿಂದ 18ರ ಹುಡುಗರಿಗೆ ನಮ್ಮ ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಹೇಳುವ ಲೆಕ್ಕ ದಿನಕ್ಕೆ ಸುಮಾರು 3300. ಅದು 64 ಕೆಜಿ ಹುಡುಗನ ಲೆಕ್ಕ, ನಿನಗೆ ಅಷ್ಟು ಬೇಡ. ಆದರೆ ದಿನಕ್ಕೆ ಎರಡು ಹೊತ್ತು ಓಡುವವನಿಗೆ 2000 ಖಂಡಿತ ಸಾಲದು.

ಇನ್ನೊಂದು ಮಾತು. ನಿನ್ನ ಬಿಎಂಐ (ಎತ್ತರಕ್ಕೆ ತಕ್ಕ ತೂಕ ಇದೆಯಾ ಅಂತ ನೋಡುವ ಅಳತೆ) 16.7. ವಿಶ್ವ ಆರೋಗ್ಯ ಸಂಸ್ಥೆಯ ಪಟ್ಟಿಯಲ್ಲಿ 16 ವರ್ಷದ ಹುಡುಗರಿಗೆ 16.5ರ ಕೆಳಗೆ ಹೋದರೆ ಅದನ್ನು ಕೃಶ ಅಂತಲೇ ಎಣಿಸ್ತಾರೆ. ನೀನು ಅಂಚಿನಲ್ಲಿದ್ದೀಯ. ಆದ್ದರಿಂದ ಒಮ್ಮೆ ಡಾಕ್ಟರಿಗೆ ತೋರಿಸು. ಇತ್ತೀಚೆಗೆ ತೂಕ ಇಳಿದಿದ್ದರೆ, ಬಾಯಾರಿಕೆ ಮತ್ತು ಮೂತ್ರ ಹೆಚ್ಚಾಗಿದ್ದರೆ, ಕೆಮ್ಮು ಅಥವಾ ಭೇದಿ ಬಿಡದೆ ಕಾಡ್ತಿದ್ದರೆ ನಾಳೆಯೇ ಹೋಗು. ಶಾಲೆ ಕಾಲೇಜಲ್ಲಿ ಕೊಡುವ ಜಂತುಹುಳದ ಮಾತ್ರೆಯನ್ನು ಜೇಬಿಗೆ ಹಾಕಿಕೊಳ್ಳದೆ ನುಂಗು.

ಇನ್ನು ಊಟ. ಪ್ರಾಕ್ಟೀಸಿಗೆ ಮುಂಚೆ ಬಿಸ್ಕೆಟ್ ಬದಲು ಎರಡು ಬಾಳೆಹಣ್ಣು, ಇಲ್ಲವೇ ಹಿಂದಿನ ರಾತ್ರಿಯ ಕಡಂಬುಟ್ಟು (ಅಕ್ಕಿ ಕಡುಬು) ಉಳಿದಿದ್ದರೆ ಅದಕ್ಕೆ ಜೇನು. ಓಡುವವನಿಗೆ ಪೆಟ್ರೋಲ್ ಅನ್ನ ಮತ್ತು ಅಕ್ಕಿಯ ತಿಂಡಿಯೇ, ಅದನ್ನು ಬಿಟ್ಟು ಬರೀ ಪ್ರೋಟೀನ್ ಹಿಂದೆ ಬೀಳಬೇಡ. ಎಂಟೂವರೆಯ ಬಸ್ಸಿಗೆ ಮುಂಚೆ ಎರಡು ಬೇಯಿಸಿದ ಮೊಟ್ಟೆ, ನೂಪುಟ್ಟೋ (ಅಕ್ಕಿ ಶ್ಯಾವಿಗೆ) ರೊಟ್ಟಿಯೋ ಒಂದರ ಬದಲು ಮೂರು, ಒಂದು ಲೋಟ ಹಾಲು. ಟೈಮ್ ಸಾಲದಿದ್ದರೆ ಡಬ್ಬಿಗೆ ಹಾಕಿಕೊಂಡು ಬಸ್ಸಲ್ಲೇ ತಿನ್ನು, ಯಾರು ನಗ್ತಾರೋ ನಗಲಿ. ಹನ್ನೊಂದರ ಬ್ರೇಕಿಗೆ ಒಂದು ಹಿಡಿ ಕಡಲೆಕಾಯಿ, ಬೆಲ್ಲ. ಮಧ್ಯಾಹ್ನದ ಅನ್ನಕ್ಕೆ ಪಲ್ಯ ಒಂದೇ ಸಾಲದು: ಹುರುಳಿ, ಕಡಲೆ ಅಥವಾ ತೊಗರಿಬೇಳೆ ದಪ್ಪಗಿರಬೇಕು, ಜೊತೆಗೆ ಮೊಸರು. ರಾತ್ರಿ ಊಟ ಈಗಿನ ಹಾಗೇ ಇರಲಿ, ಕೋಳಿ, ಮೀನು, ಬೇಳೆ ಯಾವುದಾದರೂ ಒಂದು ದಿನಾ ಇರಲಿ. ಪಂದಿ ಕರಿಯಲ್ಲಿ ಕೊಬ್ಬಿನ ತುಂಡು ಸರಿಸಿ ಮಾಂಸದ ತುಂಡು ಹುಡುಕು ಅಂದರೆ ಮನೆಯಲ್ಲಿ ಬೈತಾರೆ, ಗೊತ್ತು. ವಾರಕ್ಕೊಂದು ದಿನ ಹಾಗೇ ತಿಂದರೂ ನಷ್ಟವಿಲ್ಲ.

ಮಾಂಸಖಂಡ ಬೆಳೆಸಲು ಮೈತೂಕದ ಪ್ರತಿ ಕೆಜಿಗೆ 1.6 ಗ್ರಾಂ ಪ್ರೋಟೀನ್ ಸಾಕು, ನಿನಗೆ ದಿನಕ್ಕೆ ಸುಮಾರು 80 ಗ್ರಾಂ. ಎರಡು ಮೊಟ್ಟೆಗೆ 12, ಮೂರು ಲೋಟ ಹಾಲಿಗೆ 18ರ ಮೇಲೆ, ಹಿಡಿ ಕಡಲೆಕಾಯಿಗೆ 7, ಬೇಳೆಯ ಬಟ್ಟಲಿಗೆ 8, ನೂರು ಗ್ರಾಂ ಬೆಂದ ಕೋಳಿಗೆ 25, ದಿನದ ಅನ್ನ ರೊಟ್ಟಿಯಿಂದಲೇ ಹನ್ನೆರಡು. ಲೆಕ್ಕ ಮುಗಿಯಿತು, ಪುಡಿಯ ಡಬ್ಬ ಎಲ್ಲೂ ಬರಲಿಲ್ಲ.

ಮಾಸ್ ಗೇನರ್ ಡಬ್ಬದ ಹಿಂದೆ ಓದು. ಹೆಚ್ಚಿನವುಗಳಲ್ಲಿ ಮೊದಲು ಕಾಣೋದು ಮಾಲ್ಟೋಡೆಕ್ಸ್‌ಟ್ರಿನ್, ಅಂದರೆ ಬೇಗ ಕರಗುವ ಪಿಷ್ಟ. ಸಾವಿರಾರು ರೂಪಾಯಿಗೆ ಪಿಷ್ಟ ತರುವ ಬದಲು 300 ಮಿಲಿ ಹಾಲು, ಎರಡು ಬಾಳೆಹಣ್ಣು, ಹಿಡಿ ಹುರಿದ ಕಡಲೆಕಾಯಿ, ಹಿಡಿ ಹುರಿಗಡಲೆ ಮಿಕ್ಸಿಗೆ ಹಾಕು. 600 ಕ್ಯಾಲರಿ ಆಸುಪಾಸು, 20 ಗ್ರಾಂ ಮೀರಿದ ಪ್ರೋಟೀನ್. ಸಂಜೆ ಪ್ರಾಕ್ಟೀಸ್ ಮುಗಿದ ಕೂಡಲೇ ಕುಡಿ.

ಹಿರಿಯ ಆಟಗಾರರು (ವಿರಾಜಪೇಟೆ):
1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಈ ಕುಟುಂಬ ಹಾಕಿ ಶುರು ಮಾಡಿದಾಗ ನಾವು ಆಡಿದವರು. ಆಗ ಯಾವ ಜಿಮ್ಮೂ ಇರಲಿಲ್ಲ. ಈ ವಯಸ್ಸಿಗೆ ತೂಕ ಎತ್ತಿದರೆ ಹುಡುಗ ಕುಳ್ಳ ಆಗ್ತಾನೆ ಅಂತಾರಲ್ಲ, ಅದಕ್ಕೇನಂತೀರಿ?

ತಜ್ಞೆ:
ಸರ್, ನಮಸ್ಕಾರ. ಸರಿಯಾದ ರೀತಿಯಲ್ಲಿ, ಕಲಿಸುವವರ ಕಣ್ಣೆದುರು ತೂಕ ಎತ್ತಿದರೆ ಎತ್ತರ ನಿಲ್ಲುವುದಿಲ್ಲ, ಮಕ್ಕಳ ವೈದ್ಯರ ಸಂಘಗಳೂ ಇದನ್ನೇ ಹೇಳ್ತವೆ. ಪೆಟ್ಟಾಗೋದು ಯಾರೂ ನೋಡದಿರುವಾಗ ಎಷ್ಟು ಎತ್ತಬಲ್ಲೆ ಅಂತ ಪಂದ್ಯ ಕಟ್ಟಿದಾಗ. ತೋಟದ ಹುಡುಗರು 50 ಕೆಜಿಯ ಕಾಫಿ ಮೂಟೆ ಹೊತ್ತು ತೋರಿಸ್ತಾರಲ್ಲ, ಅದು ಬೇಡ.

ಹುಡುಗನಿಗೆ: ವಾರಕ್ಕೆ ಎರಡು ದಿನ, ನಡುವೆ ಎರಡು ದಿನ ಬಿಡುವು. ಶಾಲೆಯ ಬ್ಯಾಗಿಗೆ ಐದು ಕೆಜಿ ಅಕ್ಕಿ ತುಂಬಿ ಎದೆಗೆ ಹಿಡಿದು ಕುಕ್ಕರುಗಾಲಲ್ಲಿ ಕೂತು ಏಳು. ಆಮೇಲೆ ಒಂದು ಕಾಲು ಮುಂದಿಟ್ಟು ಬಗ್ಗುವ ಲಂಜ್, ಪುಷ್‌ಅಪ್, ಗಟ್ಟಿ ಕಂಬಿ ಸಿಕ್ಕರೆ ಪುಲ್‌ಅಪ್, ಮತ್ತೆ ಬೆನ್ನು ನೇರ ಇಟ್ಟು ಸೊಂಟದಿಂದ ಬಗ್ಗಿ ಬ್ಯಾಗ್ ಎತ್ತುವುದು. ಕೊನೆಯದನ್ನು ಬಿಡಲೇಬೇಡ, ಹಾಕಿಯವರ ಬೆನ್ನು ಸದಾ ಬಗ್ಗಿಯೇ ಇರೋದು. ಪ್ರತಿಯೊಂದೂ ಎಂಟರಿಂದ ಹನ್ನೆರಡು ಸಲ, ಮೂರು ಸುತ್ತು, ಇನ್ನೆರಡು ಆಗ್ತಿತ್ತು ಅನ್ನುವಾಗಲೇ ನಿಲ್ಲಿಸು. ಹನ್ನೆರಡು ಸಲೀಸಾದ ಮೇಲೆ ಒಂದು ಕೆಜಿ ಅಕ್ಕಿ ಸೇರಿಸು. ಮೊದಲ ಕೆಲವು ವಾರ ಕೋಚ್ ಪಕ್ಕದಲ್ಲಿರಲಿ. ಮಳೆಗಾಲದಲ್ಲಿ ಗ್ರೌಂಡ್ ಕೆಸರಾಗಿ ಪ್ರಾಕ್ಟೀಸ್ ತಪ್ಪುವ ದಿನಗಳೇ ಇದಕ್ಕೆ ಒಳ್ಳೇದು, ಓಟ ಕಡಿಮೆ ಆದಾಗ ತಿಂದದ್ದು ಮೈಗೆ ಉಳಿಯುತ್ತೆ.

ಅಂದ ಹಾಗೆ ಭುಜದಿಂದ ತಳ್ಳೋದು ಫೌಲ್, ಅಂಪೈರ್ ನೋಡಿದರೆ. ಮೈ ಬಂದರೂ ನಿನ್ನ ಆಸ್ತಿ ವೇಗವೇ. ನಮ್ಮ ಸೋಮವಾರಪೇಟೆಯ ಹಾಕಿ ಆಟಗಾರ ಎಸ್.ವಿ. ಸುನಿಲ್ 2012 ಮತ್ತು 2016ರ ಎರಡು ಒಲಿಂಪಿಕ್ಸ್ ಆಡಿದ್ದು ದಪ್ಪ ತೋಳಿನಿಂದಲ್ಲ.

ಜಿಮ್‌ಗೆ ಹೋಗುವ ಯುವಕ (ಕುಶಾಲನಗರ):
ಮೇಡಂ, ಮಾಂಸಖಂಡದ ಶಕ್ತಿಗೆ ತಗೊಳ್ಳುವ ಕ್ರಿಯೇಟಿನ್ ಪುಡಿ ಸೇಫ್ ಅಂತ ಎಲ್ಲ ಕಡೆ ಹೇಳ್ತಾರೆ. ಹುಡುಗನಿಗೆ ಅದನ್ನಾದರೂ ಹೇಳಿ.

ತಜ್ಞೆ:
ನಿಮ್ಮ ವಯಸ್ಸಿನವರು ಕೇಳಿದ್ದರೆ ನನ್ನ ಉತ್ತರ ಬೇರೆ ಇರ್ತಿತ್ತು. 18ರ ಒಳಗಿನವರಿಗೆ ಬೇಡ ಅಂತ ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳಿದೆ, ನಾನೂ ತಗೋ ಅನ್ನಲ್ಲ. ಬೆಳಗ್ಗೆ ಬಿಸ್ಕೆಟ್ ತಿಂದು ಓಡುವವನಿಗೆ ಕ್ರಿಯೇಟಿನ್ ಮಾತಾಡೋದೇ ತಮಾಷೆ. ಜೊತೆಗೆ ಇವನು ನಾಳೆ ರಾಜ್ಯ ತಂಡಕ್ಕೆ ಬಂದರೆ ನಾಡಾದವರು (ರಾಷ್ಟ್ರೀಯ ಉದ್ದೀಪನ ಮದ್ದು ತಡೆ ಸಂಸ್ಥೆ) ಡೋಪ್ ಟೆಸ್ಟ್ ಮಾಡಬಹುದು. ಡಬ್ಬದಲ್ಲಿ ಕಲಬೆರಕೆ ಇತ್ತು ಅನ್ನೋದು ಅಲ್ಲಿ ನೆಪ ಆಗೋದಿಲ್ಲ, ಮೈಯೊಳಗೆ ಸಿಕ್ಕಿದ್ದಕ್ಕೆ ಆಟಗಾರನೇ ಜವಾಬ್ದಾರ.

ಒಬ್ಬ ತಾಯಿ (ಸೋಮವಾರಪೇಟೆ):
ನನ್ನ ಮಗಳಿಗೆ 15. ಅವಳೂ ಹಾಕಿ ಆಡ್ತಾಳೆ, ತುಂಬಾ ಸಣ್ಣ. ನಾವು ಮೊಟ್ಟೆ ಸಹ ತಿನ್ನಲ್ಲ. ಇತ್ತೀಚೆಗೆ ಬೇಗ ಸುಸ್ತಾಗ್ತಾಳೆ, ಮೂರು ತಿಂಗಳಿಂದ ಮುಟ್ಟೂ ಆಗಿಲ್ಲ. ಆಟ ಹೆಚ್ಚಾದರೆ ಹೀಗಾಗುತ್ತೆ ಬಿಡಿ ಅಂತ ಒಬ್ಬರು ಹೇಳಿದ್ರು.

ತಜ್ಞೆ:
ಅಮ್ಮಾ, ಇದನ್ನು ಬಿಡಬೇಡಿ. ಮುಟ್ಟು ನಿಂತರೆ ಆಟ ಹೆಚ್ಚಾಯ್ತು ಅನ್ನೋದಕ್ಕಿಂತ ಆಟಕ್ಕೆ ತಕ್ಕ ಊಟ ಸಿಗ್ತಿಲ್ಲ ಅಂತ ಮೊದಲು ಅನುಮಾನಿಸಬೇಕು. ಶಕ್ತಿ ಸಾಲದಾದಾಗ ದೇಹ ಮೊದಲು ಇಂಥ ಕೆಲಸಗಳನ್ನೇ ನಿಲ್ಲಿಸೋದು, ಮುಂದೆ ಮೂಳೆಯೂ ಸೊರಗುತ್ತೆ. ಈ ವಾರವೇ ಸ್ತ್ರೀರೋಗ ತಜ್ಞರನ್ನು ನೋಡಿ, ಹಿಮೋಗ್ಲೋಬಿನ್ ಮತ್ತು ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣದ ಅಳತೆ) ಎರಡೂ ಪರೀಕ್ಷೆ ಮಾಡಿಸಿ. ಹಿಮೋಗ್ಲೋಬಿನ್ 12ರ ಕೆಳಗಿದ್ದರೆ ರಕ್ತಹೀನತೆ. ಅದು ಸರಿ ಇದ್ದು ಫೆರಿಟಿನ್ ಮಾತ್ರ ಕಡಿಮೆ ಇರುವ ಹುಡುಗಿಯರೂ ಉಂಟು. ಕಬ್ಬಿಣದ ಮಾತ್ರೆ ನೀವೇ ಶುರು ಮಾಡಬೇಡಿ.
ಊಟದಲ್ಲಿ ಸೋಯಾ ಚಂಕ್ಸ್, ಪನೀರ್, ಹುರುಳಿ, ರಾಗಿ, ಸೊಪ್ಪು, ಮೇಲೆ ನಿಂಬೆ ಹಿಂಡಿ ಅಥವಾ ಒಂದು ಕಿತ್ತಳೆ. ಊಟ ಆದ ತಕ್ಷಣ ಕಾಫಿ ಕೊಡಬೇಡಿ, ಕಬ್ಬಿಣ ಹೀರಿಕೊಳ್ಳೋದಕ್ಕೆ ಅಡ್ಡಿ. ಅವಳ ವಿಷಯ ಇಲ್ಲಿ ಇನ್ನೂ ಬರೆಯಬೇಡಿ, ನನಗೆ ಖಾಸಗಿಯಾಗಿ ಕಳಿಸಿ.

ಪಿಯುಸಿ ವಿದ್ಯಾರ್ಥಿ:
ಥ್ಯಾಂಕ್ಸ್ ಮೇಡಂ. ಅಮ್ಮ ಓದಿ ಈಗಲೇ ಹುರಿಗಡಲೆ ತರಿಸಿದ್ರು. ಎರಡು ಡೌಟ್: ಬೇಸಿಗೆಗೆ ಎಷ್ಟು ಕೆಜಿ ಆಗಬಹುದು? ಕಾಫಿ ಪೂರ್ತಿ ಬಿಡಬೇಕಾ?

ತಜ್ಞೆ:
ವಾರಕ್ಕೆ ಕಾಲು ಕೆಜಿ ಏರಿದರೆ ಚೆನ್ನಾಗಿದೆ, ಅರ್ಧ ಕೆಜಿಗಿಂತ ಜಾಸ್ತಿ ಆದರೆ ಬರ್ತಿರೋದು ಹೆಚ್ಚಾಗಿ ಕೊಬ್ಬು. ನಡುವೆ ಪರೀಕ್ಷೆ, ಜ್ವರ, ಟೂರ್ನಮೆಂಟ್ ಎಲ್ಲ ಬರುತ್ತೆ, ಆದ್ದರಿಂದ ಏಪ್ರಿಲ್ ಹೊತ್ತಿಗೆ 57, 58 ಆದರೆ ನಾನು ಖುಷಿ ಪಡ್ತೇನೆ. ಎತ್ತರ ಇನ್ನೂ ಏರ್ತಿದ್ದರೆ ಮೈ ತುಂಬೋದು ಅದರ ಹಿಂದೆಯೇ ಸ್ವಲ್ಪ ತಡವಾಗಿ, ಅದಕ್ಕೆ ಗಾಬರಿ ಬೇಡ. ಭಾನುವಾರ ಬೆಳಗ್ಗೆ ಏನೂ ತಿನ್ನುವ ಮೊದಲು ತೂಕ ನೋಡು, ದಿನಾ ನೋಡಬೇಡ. ಎರಡು ವಾರ ಮುಳ್ಳು ಅಲ್ಲಾಡದಿದ್ದರೆ ಮಧ್ಯಾಹ್ನಕ್ಕೆ ಇನ್ನೊಂದು ಸೌಟು ಅನ್ನ, ಒಂದು ಚಮಚ ತುಪ್ಪ.
ಕಾಫಿ ಬೆಳಗ್ಗೆ ಒಂದು ಲೋಟ ಇರಲಿ. ಸಂಜೆಯ ಕಾಫಿ ಬಿಡು. ನಿನ್ನ ವಯಸ್ಸಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕು. ಆರಕ್ಕೆ ಗ್ರೌಂಡ್‌ನಲ್ಲಿರಬೇಕಾದರೆ ಒಂಬತ್ತರ ಊಟವನ್ನು ಎಂಟಕ್ಕೆ ತರಲೇಬೇಕು, ಮೊಬೈಲ್ ಅಮ್ಮನ ಕೋಣೆಯಲ್ಲಿ. ತಿಂಗಳ ತೂಕ ಬರೆದು ಇದೇ ಪ್ರಶ್ನೆಯ ಕೆಳಗೆ ಹಾಕು, ಊಟ ಕೂಡಿಸೋದೋ ಹೀಗೇ ಬಿಡೋದೋ ಆಗ ನೋಡೋಣ.