ಮಾಮೂಲಿ ಕೆಲಸ, ಬಾಡಿಗೆ ಮನೆ ಅಂತ ಬದುಕುತ್ತಿರುವ ಟ್ರಾನ್ಸ್ ಮಹಿಳೆಯರು ಇಲ್ಲಿದ್ದೀರಾ? (ಪುಣೆ)

ವಾಕಡ್‌ಮಳೆ:

ಊರು ವಿಜಯಪುರದ ಹತ್ತಿರ. ಈಗ ಹಿಂಜವಡಿಯಲ್ಲಿ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ, ವಾಕಡ್‌ನಲ್ಲಿ ಹುಡುಗರ ಪಿಜಿ. ನಾನು ಹುಡುಗಿ ಅನ್ನೋದು ನನಗೆ ಗೊತ್ತು, ಒಬ್ಬ ಗೆಳತಿಗೆ ಗೊತ್ತು. ಅಷ್ಟೆ.

ರಾತ್ರಿ ಕೂತು ಟ್ರಾನ್ಸ್ ಮಹಿಳೆಯರ ಅನುಭವಗಳನ್ನು ಹುಡುಕಿ ಓದುತ್ತೇನೆ. ಎರಡೇ ಥರ ಸಿಗುತ್ತವೆ. ಒಂದೋ ಮನೆಯಿಂದ ಹೊರಗೆ ಹಾಕಿದರು, ಬೀದಿ ಪಾಲಾದರು. ಇಲ್ಲಾ ರಾಷ್ಟ್ರಪತಿ ಭವನ. ಜೋಗತಿ ನೃತ್ಯದ ಮಂಜಮ್ಮ ಜೋಗತಿ ಅವರು 2021ರಲ್ಲಿ ಪದ್ಮಶ್ರೀ ತಗೊಳ್ಳುವಾಗ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರಲ್ಲ, ಆ ವಿಡಿಯೋ ನನಗೆ ಕಳಿಸಿದ್ದೇ ನಮ್ಮವ್ವ. ‘ಎಷ್ಟ್ ಚೊಲೊ ಹೆಣಮಗಳು ನೋಡು’ ಅಂತ ಕೆಳಗೆ ಬರೆದಿದ್ದಳು. ನನ್ನ ವಿಷಯ ಅವಳಿಗೆ ಗೊತ್ತಿಲ್ಲ. ಕೈ ಮುಗಿಯೋ ಇಮೋಜಿ ಹಾಕಿ ಸುಮ್ಮನಾದೆ.

ನನಗೆ ಕುಣಿಯೋಕೆ ಬರಲ್ಲ, ಭಾಷಣ ಅಂತೂ ಬಿಡಿ. ಸಂಬಳ, ಒಂದು ರೂಮು, ಭಾನುವಾರ ಬಟ್ಟೆ ಒಗೆಯೋದು. ಇಷ್ಟರಲ್ಲೇ ಹೆಂಗಸಾಗಿ ಬದುಕುತ್ತಿರುವವರು ಇದ್ದರೆ ಹೇಳಿ. ಮೊದಲು ಏನು ಮಾಡಿದಿರಿ?

ಟ್ಯಾಲಿಅಕ್ಕ:

ಇದ್ದೇನೆ ತಂಗಿ. ಊರು ಬಾಗಲಕೋಟೆ ಕಡೆ. ಭೋಸರಿಯ ಒಂದು ಸಣ್ಣ ಕಾರ್ಖಾನೆಯಲ್ಲಿ ಲೆಕ್ಕ ಬರೆಯುತ್ತೇನೆ. ಚಿಂಚವಡದಲ್ಲಿ ಒಂದು ರೂಮು, ಒಂದು ಅಡುಗೆಮನೆ. ಬಾಗಿಲು ಹಾಕಿಕೊಂಡವರು ಬೇಕಾದಷ್ಟು ಜನ. ಕೊನೆಗೆ ಮನೆ ಕೊಟ್ಟ ಮರಾಠಿ ಆಜಿ ನನ್ನನ್ನು ಮೇಲಿಂದ ಕೆಳಗೆ ನೋಡಿ ಕೇಳಿದ್ದು, ಬೆಳಿಗ್ಗೆ ನೀರು ಬಿಡೋ ಹೊತ್ತಿಗೆ ಮನೇಲಿ ಇರ್ತೀಯಾ ಅಂತ!

ಮಂಜಮ್ಮನವರ ಬದುಕನ್ನು ಪದ್ಮಶ್ರೀ ಕಡೆಯಿಂದ ನೋಡಬೇಡ, ಈ ಕಡೆಯಿಂದ ನೋಡು. ಹೊಟ್ಟೆಪಾಡಿಗೆ ಇಡ್ಲಿ ಮಾರಿದ್ದಾರೆ, ಮಕ್ಕಳಿಗೆ ಪಾಠ ಹೇಳಿದ್ದಾರೆ. ಕಾಳವ್ವ ಜೋಗತಿಯವರ ಜೊತೆ ಸೇರಿ ಊರೂರು ತಿರುಗಿದ್ದಾರೆ. 2019ರಲ್ಲಿ ಜಾನಪದ ಅಕಾಡೆಮಿ ಅಧ್ಯಕ್ಷೆ ಆಗಿದ್ದು ಆಮೇಲಿನ ಮಾತು. ನನಗೆ ಧೈರ್ಯ ಬಂದಿದ್ದು ಇಡ್ಲಿ ವಿಷಯ ಓದಿ.

ಇನ್ನೊಂದು ಹೇಳುತ್ತೇನೆ. ನಮ್ಮ ಪಿಂಪ್ರಿ-ಚಿಂಚವಡ ಪಾಲಿಕೆ 2022ರಲ್ಲಿ ಟ್ರಾನ್ಸ್ ಜನರನ್ನು ಸೆಕ್ಯುರಿಟಿ ಕೆಲಸಕ್ಕೆ ತಗೊಂಡಿತು. ಒಮ್ಮೆ ಅಲ್ಲಿ ಸ್ಕೂಟಿ ನಿಲ್ಲಿಸಲು ಹೋದೆ. ಯೂನಿಫಾರ್ಮ್ ಹಾಕಿಕೊಂಡು ಕೈಯಲ್ಲಿ ಸೀಟಿ ಹಿಡಿದವಳು ಬಂದು, ‘ಓ ತಾಯೀ, ಗಾಡಿ ತೆಗೀರಿ’ ಅಂತ ಮರಾಠಿಯಲ್ಲಿ ಗದರಿದಳು. ನಮ್ಮವಳೇ. ನಾನು ಯಾರು ಅಂತ ಅವಳಿಗೆ ಗೊತ್ತಾಯ್ತೋ ಇಲ್ಲವೋ, ರಿಯಾಯಿತಿ ಮಾತ್ರ ಇಲ್ಲ. ಗದರಿಸಿಕೊಂಡು ಅಷ್ಟು ಖುಷಿಪಟ್ಟಿದ್ದು ಅದೇ ಮೊದಲು.

ಮೊದಲು ಏನು ಮಾಡಿದೆ ಅಂತ ಕೇಳಿದೆಯಲ್ಲ. ದುಡ್ಡು ಕೂಡಿಟ್ಟೆ. ಆಮೇಲೆ ಡಾಕ್ಟರು. ಮೊದಲು ಹೋದವರು ‘ಮದುವೆ ಮಾಡ್ಕೊ, ಸರಿ ಹೋಗುತ್ತೆ’ ಅಂದರು, ಫೀಸೂ ತಗೊಂಡರು. ಹೀಗೆ ‘ಸರಿಮಾಡಲು’ ಹೊರಡೋದು ವೈದ್ಯ ವೃತ್ತಿಗೆ ವಿರುದ್ಧದ ನಡತೆ ಅಂತ ರಾಷ್ಟ್ರೀಯ ವೈದ್ಯಕೀಯ ಆಯೋಗವೇ 2022ರಲ್ಲಿ ಹೇಳಿದೆ, ನೆನಪಿರಲಿ. ಅಂಥವರು ಸಿಕ್ಕರೆ ಎದ್ದು ಬಾ. ಹಾರ್ಮೋನ್ ತಿಳಿದ ಎಂಡೋಕ್ರೈನ್ ಡಾಕ್ಟರ್ ಹತ್ತಿರ ಹೋಗು. ಯಾರೋ ಹೇಳಿದರು ಅಂತ ಮೆಡಿಕಲ್ ಶಾಪ್‌ನಿಂದ ಮಾತ್ರೆ ತಂದು ನುಂಗಬೇಡ. ಕೆಲವು ಮಾತ್ರೆಗೆ ಲಿವರ್ ನೋಡಬೇಕು, ಕೆಲವಕ್ಕೆ ಪೊಟ್ಯಾಸಿಯಂ. ಸಿಗರೇಟ್ ಇದ್ದರೆ ಬಿಡು, ಈಸ್ಟ್ರೋಜೆನ್ ಜೊತೆ ರಕ್ತ ಹೆಪ್ಪುಗಟ್ಟುವ ಭಯ ಜಾಸ್ತಿ. ಚರ್ಮ ಮೆತ್ತಗಾಗುತ್ತೆ, ಎದೆ ನಿಧಾನಕ್ಕೆ ಬರುತ್ತೆ, ಅದಕ್ಕೆ ವರ್ಷಗಳೇ ಬೇಕು. ಗಡ್ಡ ತಾನಾಗಿ ಹೋಗಲ್ಲ, ಲೇಸರ್ ಮಾಡಿಸಬೇಕು. ದನಿಯೂ ಬದಲಾಗಲ್ಲ. ನಾನು ದನಿ ಪಳಗಿಸಿದ್ದು ಬಾಕಿ ವಸೂಲಿಗೆ ಪಾರ್ಟಿಗಳಿಗೆ ಫೋನ್ ಮಾಡಿ ಮಾಡಿ. ‘ಮೇಡಂ, ನಾಳೆ ಚೆಕ್ ಕಳಿಸ್ತೀವಿ’ ಅಂತ ಒಬ್ಬ ಅಂದ. ಚೆಕ್ ಬರಲಿಲ್ಲ, ಆದರೆ ಮೇಡಂ ಅಂದನಲ್ಲ!

ಕಾಗದಪತ್ರಕ್ಕೆ ಬೇಕಾದಷ್ಟು ತಾಳ್ಮೆ ಬೇರೆ ಯಾವುದಕ್ಕೂ ಬೇಕಾಗಲಿಲ್ಲ. ನಮ್ಮ ಲಿಂಗ ಗುರುತು ನಾವೇ ಹೇಳಿಕೊಳ್ಳಬಹುದು ಅಂದ ಸುಪ್ರೀಂ ಕೋರ್ಟಿನ ನಾಲ್ಸಾ ತೀರ್ಪು ಬಂದಿದ್ದು 2014ರ ಏಪ್ರಿಲ್ 15ಕ್ಕೆ. ಠಾಣೆಯ ಟ್ರಾನ್ಸ್ ಹೋರಾಟಗಾರ್ತಿ ಲಕ್ಷ್ಮೀ ನಾರಾಯಣ ತ್ರಿಪಾಠಿ ಆ ಕೇಸಿನಲ್ಲಿ ಸೇರಿಕೊಂಡಿದ್ದರು. ಟ್ರಾನ್ಸ್ ಜನರ ಗುರುತಿನ ಪತ್ರದ ರಾಷ್ಟ್ರೀಯ ಪೋರ್ಟಲ್ ಶುರುವಾಗಿದ್ದು 2020ರ ನವೆಂಬರಿನಲ್ಲಿ. ನಾನು ಅದರಲ್ಲೇ ಅರ್ಜಿ ಹಾಕಿ ಪತ್ರ ತಗೊಂಡೆ. ಅದನ್ನಿಟ್ಟುಕೊಂಡು ಆಧಾರ್, ಪ್ಯಾನ್, ಬ್ಯಾಂಕು. ಅಂಕಪಟ್ಟಿಗೆ ಮಾತ್ರ ಜೀವ ತಿಂದರು.

ಅವ್ವನಿಗೆ ಹೇಳೋಕೆ ಅವಸರ ಬೇಡ. ಮೊದಲು ಆ ಪಿಜಿ ಬಿಡುವಷ್ಟು ದುಡ್ಡು ಕೈಯಲ್ಲಿರಲಿ.

ಡೊಂಬಿವಲಿ ಫಾಸ್ಟ್:

ನನ್ನ ತಂಗಿ ಟ್ರಾನ್ಸ್. ಟ್ಯಾಲಿಅಕ್ಕ ಹೇಳಿದ್ದು ಸರಿ, ಆದರೆ ಮನೆಯಲ್ಲಿ ಒಬ್ಬರಿಗಾದರೂ ಹೇಳಿರಿ. ಅಕ್ಕನೋ, ಚಿಕ್ಕಮ್ಮನೋ. ನಮ್ಮನೇಲಿ ಅದು ನಾನಾಗಿದ್ದೆ.

ಅವ್ವ ವಿಡಿಯೋ ಕಳಿಸಿದ್ದನ್ನು ನೋಡಿ ಜಾಸ್ತಿ ಆಸೆ ಇಟ್ಟುಕೊಳ್ಳಬೇಡಿ. ಸವದತ್ತಿ ಎಲ್ಲಮ್ಮನ ಗುಡಿಗೆ ಹೋದರೆ, ದೇವಿಗೆ ಮುಡಿಪಾಗಿ ಸೀರೆ ಉಡುವ ಜೋಗಪ್ಪನವರ ಕಾಲಿಗೆ ಬೀಳುವ ನಮ್ಮಮ್ಮ, ಸ್ವಂತ ಮಗಳ ವಿಷಯಕ್ಕೆ ಬಹಳ ದಿನ ಮಾತು ಬಿಟ್ಟಿದ್ದರು. ದೇವರ ಮುಂದೆ ಒಂದು, ಅಡುಗೆಮನೇಲಿ ಒಂದು. ಹಾಗಂತ ಆಸೆ ಪೂರ್ತಿ ಬಿಡೋದೂ ಬೇಡ. ಒಂದು ಗೌರಿ ಹಬ್ಬಕ್ಕೆ ಊರಿಂದ ಕೊರಿಯರ್ ಬಂತು. ಬಿಚ್ಚಿದರೆ ಒಂದೇ ಪ್ಯಾಕೆಟ್‌ನಲ್ಲಿ ಎರಡು ಸೀರೆ. ಚೀಟಿ ಇಲ್ಲ, ಹೆಸರಿಲ್ಲ. ಚೆನ್ನಾಗಿದ್ದದ್ದನ್ನು ತಂಗಿಯೇ ಹೊಡೆದುಕೊಂಡಳು.

ಎಚ್‌ಆರ್‌ಮಾವ:

ಕಂಪನಿ ವಿಷಯ ಯಾರೂ ಹೇಳಲಿಲ್ಲ. 2019ರ ಟ್ರಾನ್ಸ್‌ಜೆಂಡರ್ ಕಾಯ್ದೆ 2020ರ ಜನವರಿ 10ರಿಂದ ಜಾರಿಯಾಯಿತು. ಕೆಲಸದಲ್ಲಿ ಭೇದ ಮಾಡಬಾರದು, ದೂರು ಕೇಳಲು ಒಬ್ಬ ಅಧಿಕಾರಿ ಇರಬೇಕು ಅಂತ ಅದರಲ್ಲಿತ್ತು. ನಿಮ್ಮ ಕಂಪನಿಯ ಒಳಗಿನ ಪೋರ್ಟಲ್‌ನಲ್ಲಿ ಸಮಾನ ಅವಕಾಶದ ಪಾಲಿಸಿ ಹುಡುಕಿ. ಇನ್ಶೂರೆನ್ಸ್ ಪುಸ್ತಕವನ್ನೂ ಪೂರ್ತಿ ಓದಿ, ಕೆಲವು ಕಂಪನಿಗಳು ಸರ್ಜರಿ ಖರ್ಚು ಕೊಡುತ್ತವೆ. ಸುಮ್ನೆ ಓದಿದರೆ ಯಾರಿಗೂ ಗುಟ್ಟು ಗೊತ್ತಾಗಲ್ಲ.

ವಾಕಡ್‌ಮಳೆ:

ಇನ್ಶೂರೆನ್ಸ್ ಪುಸ್ತಕ ಈಗಲೇ ತೆಗೆದೆ. ನೂರಾರು ಪುಟ ಇದೆ, ಮಾವ! ಟ್ಯಾಲಿಅಕ್ಕ, ನಿಮ್ಮ ಈಗಿನ ಡಾಕ್ಟರ್ ಯಾರು ಅಂತ ಖಾಸಗಿಯಾಗಿ ಕಳಿಸ್ತೀರಾ? ಒಬ್ಬಳೇ ಹೋಗೋಕೆ ಸ್ವಲ್ಪ ಭಯ.

ಟ್ಯಾಲಿಅಕ್ಕ:

ಕಳಿಸಿದ್ದೇನೆ, ನೋಡು. ಶನಿವಾರ ಆದರೆ ನಾನೂ ಬರುತ್ತೇನೆ, ನನ್ನದೂ ರಕ್ತ ಪರೀಕ್ಷೆ ಬಾಕಿ ಇದೆ. ಖಾಲಿ ಹೊಟ್ಟೇಲಿ ಬಾ, ಮುಗಿದ ಮೇಲೆ ತಿನ್ನೋಣ.