ನುಡಿಯಲ್ಲಿ ಟೈಪಿಸಿದ ವರದಿಯನ್ನು ಎನ್‌ವಿಡಿಎ ಕನ್ನಡವಾಗಿ ಓದುತ್ತಿಲ್ಲ

ಕಡತಕಟ್ಟು:
ಸಂಘವೊಂದರ ವಾರ್ಷಿಕ ವರದಿ, 42 ಪುಟ. ವರ್ಡ್‌ನಲ್ಲಿ ನುಡಿ ಎಂಬ ಕನ್ನಡ ಟೈಪಿಂಗ್ ತಂತ್ರಾಂಶದ ‘ನುಡಿ 01 ಇ’ ಫಾಂಟ್ ಬಳಸಿ ಟೈಪಿಸಿ ಪಿಡಿಎಫ್ ಮಾಡಿದ್ದು. ಕಣ್ಣಿಗೆ ಎಲ್ಲ ಸರಿ ಕಾಣುತ್ತದೆ. ಎನ್‌ವಿಡಿಎ (ಕಣ್ಣು ಕಾಣದವರಿಗೆ ಪರದೆಯ ಮೇಲಿನದನ್ನು ಓದಿ ಹೇಳುವ ತಂತ್ರಾಂಶ, ಸ್ಕ್ರೀನ್ ರೀಡರ್) ಹಾಕಿದರೆ ‘ಕನ್ನಡ’ ಎಂದಿರುವ ಕಡೆ ಪಿ, ಪೌಂಡ್, ಕ್ಯೂ ಎಂದೇನೇನೋ ಕೇಳಿಸುತ್ತದೆ. ದನಿ ಈಸ್ಪೀಕ್ ಕನ್ನಡವೇ. ಬೇರೆ ದನಿ ಹಾಕಿದರೂ ಅಷ್ಟೇ. ಪೂರ್ತಿ ಮತ್ತೆ ಟೈಪಿಸದೆ ದಾರಿ ಇದೆಯೇ?

ಒತ್ತಕ್ಷರ:
ದನಿಯದ್ದೂ ತಪ್ಪಲ್ಲ, ಎನ್‌ವಿಡಿಎಯದ್ದೂ ಅಲ್ಲ. ಆ ಕಡತದಲ್ಲಿ ಕನ್ನಡ ಇಲ್ಲವೇ ಇಲ್ಲ. ಹಳೆಯ ನುಡಿ, ಬರಹ, ಶ್ರೀಲಿಪಿ ಫಾಂಟ್‌ಗಳು ಇಂಗ್ಲಿಷ್ ಅಕ್ಷರಗಳಿಗೆ ಕನ್ನಡದ ವೇಷ ಹಾಕುತ್ತವೆ. ಒಳಗೆ ಉಳಿದಿರುವುದು ಪಿ, ಪೌಂಡ್, ಕ್ಯೂಗಳೇ. ಸ್ಕ್ರೀನ್ ರೀಡರ್ ವೇಷ ನೋಡುವುದಿಲ್ಲ, ಒಳಗಿರುವುದನ್ನು ಓದುತ್ತದೆ. ಖಾತ್ರಿಯಾಗಬೇಕಾದರೆ ಎರಡು ಸಾಲು ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ ನೋಡಿ.

ಮತ್ತೆ ಟೈಪಿಸುವುದು ಬೇಡ. ಪಿಡಿಎಫ್ ಬಿಟ್ಟು ಮೂಲ ವರ್ಡ್ ಕಡತ ತೆಗೆದುಕೊಂಡು ಆಸ್ಕಿಯಿಂದ (ಅಂದರೆ ಹಳೆಯ ಫಾಂಟ್‌ನ ಆ ವೇಷದ ಪಠ್ಯದಿಂದ) ಯುನಿಕೋಡ್‌ಗೆ (ಕನ್ನಡದ ಅಕ್ಷರಗಳಿಗೆ ತಮ್ಮದೇ ಸಂಖ್ಯೆ ಇರುವ ಪದ್ಧತಿಗೆ) ಪರಿವರ್ತಿಸಿ. ನುಡಿಯ ಪಠ್ಯಕ್ಕೆ ನುಡಿ ಪರಿವರ್ತಕವನ್ನೇ ಬಳಸಿ. ಎಡವುವ ಜಾಗ ಎರಡು:

ಒಂದು, ನಡುವೆ ಬಂದ ಇಂಗ್ಲಿಷ್ ಪದಗಳು. ಪರಿವರ್ತಕಕ್ಕೆ ಅವೂ ನುಡಿಯ ಅಕ್ಷರಗಳೇ, ಹಾಗಾಗಿ ಅರ್ಥವಿಲ್ಲದ ಕನ್ನಡವಾಗಿಬಿಡುತ್ತವೆ. ಮೊದಲೇ ಮೂಲ ಪ್ರತಿಯಲ್ಲಿ ಅವಕ್ಕೆ ಹಳದಿ ಬಣ್ಣ ಹಾಕಿಟ್ಟುಕೊಂಡು, ಆಮೇಲೆ ಒಂದೊಂದನ್ನೇ ಕೈಯಾರೆ ಸರಿಪಡಿಸಿ.

ಎರಡು, ಅರ್ಕಾವತ್ತು. ‘ಕರ್ಮ’ ಎಂಬಲ್ಲಿ ಹಳೆಯ ಫಾಂಟ್ ಅರ್ಕವನ್ನು ಮ ಆದಮೇಲೆ ಇಡುತ್ತದೆ, ಯುನಿಕೋಡ್‌ನಲ್ಲಿ ರ್ ಮೊದಲು ಬರಬೇಕು. ಈ ಅದಲು-ಬದಲು ಸರಿಯಾಗಿ ಮಾಡದ ಪರಿವರ್ತಕಗಳಿವೆ. ವರ್ಷ, ಕಾರ್ಯ, ಖರ್ಚು ಇರುವ ಒಂದು ಪುಟವನ್ನು ಮೊದಲು ಹಾಕಿ ಪರೀಕ್ಷಿಸಿ.

ಕಡತಕಟ್ಟು:
ಆಯಿತು, ಈಗ ಕನ್ನಡ ಓದುತ್ತಿದೆ. ಆದರೆ ಆಮೇಲೆ ಸೇರಿಸಿದ ಪುಟಗಳಲ್ಲಿ ‘ಬೆಂಗಳೂರು’ ಎಂಬುದನ್ನು ‘ಬೆ ಸೊನ್ನೆ ಗಳೂರು’ ಎನ್ನುತ್ತದೆ. ‘ದುಃಖ’ ಕೂಡ ಎರಡು ತುಂಡು. ಈ ಪುಟಗಳನ್ನು ಯುನಿಕೋಡ್‌ನಲ್ಲೇ ಟೈಪಿಸಿದ್ದು.

ಬಿಂದುಮಾಲೆ:
ಟೈಪಿಸಿದವರು ಅನುಸ್ವಾರದ ಬದಲು ಸೊನ್ನೆ ಅಂಕಿ ಒತ್ತಿದ್ದಾರೆ, ವಿಸರ್ಗದ ಬದಲು ಕೋಲನ್. ನೋಡಲು ಅವಳಿ-ಜವಳಿ, ಕೇಳಲು ಅಲ್ಲ. ಆ ಚಿಹ್ನೆಯ ಮೇಲೆ ರಿವ್ಯೂ ಕರ್ಸರ್ (ಪಠ್ಯವನ್ನು ಅಕ್ಷರ ಅಕ್ಷರವಾಗಿ ಪರಿಶೀಲಿಸುವ ಎನ್‌ವಿಡಿಎಯ ಕರ್ಸರ್) ಇಟ್ಟು ನಂಬರ್ ಪ್ಯಾಡ್‌ನ 2 ಅನ್ನು ಬೇಗಬೇಗ ಮೂರು ಸಲ ಒತ್ತಿದರೆ ಎನ್‌ವಿಡಿಎ ಅದರ ಸಂಖ್ಯೆ ಹೇಳುತ್ತದೆ. 48 ಎಂದರೆ ಇಂಗ್ಲಿಷ್ ಸೊನ್ನೆ, 3302 ಎಂದರೆ ಕನ್ನಡ ಸೊನ್ನೆ. ಅಲ್ಲಿರಬೇಕಾದ ಅನುಸ್ವಾರದ ಸಂಖ್ಯೆ 3202.

ಲಿಬ್ರೆ ಆಫೀಸ್ ರೈಟರ್‌ನಲ್ಲಿ ತೆರೆದು ಕಂಟ್ರೋಲ್ + ಎಚ್ ಒತ್ತಿ, ‘ರೆಗ್ಯುಲರ್ ಎಕ್ಸ್‌ಪ್ರೆಶನ್ಸ್’ಗೆ ಗುರುತು ಹಾಕಿ.

ಹುಡುಕಲು: ([ಅ-ೌ])[0೦]
ಬದಲಿಗೆ: $1ಂ

ವಿಸರ್ಗಕ್ಕೆ ([ಅ-ೌ]):([ಅ-ಹ]) ಹುಡುಕಿ, $1ಃ$2 ಹಾಕಿ. ದಯವಿಟ್ಟು ‘ಎಲ್ಲ ಬದಲಿಸು’ ಒತ್ತಬೇಡಿ. ‘ಸ್ಥಳ:ಮೈಸೂರು’ ಎಂದು ಜಾಗ ಬಿಡದೆ ಬರೆದಿದ್ದರೆ ಅಲ್ಲಿಗೂ ವಿಸರ್ಗ ಬಂದು ಕೂರುತ್ತದೆ. ಒಂದೊಂದಾಗಿ ನೋಡುತ್ತ ಹೋಗಿ. 10, ೨೦ರಂಥ ಅಂಕಿಗಳಿಗೆ ತೊಂದರೆಯಿಲ್ಲ, ಸೊನ್ನೆಯ ಹಿಂದೆ ಅಕ್ಷರವೋ ಗುಣಿತವೋ ಇದ್ದರೆ ಮಾತ್ರ ಸಿಗುತ್ತದೆ.

ಇನ್ನೊಂದು ಚಾಳಿ: ಶೀರ್ಷಿಕೆ ಅಗಲವಾಗಿ ಕಾಣಲೆಂದು ‘ಪ್ರ ಕ ಟ ಣೆ’ ಎಂದು ನಡುನಡುವೆ ಸ್ಪೇಸ್ ಹೊಡೆಯುವುದು. ಅದು ನಾಲ್ಕು ಪದಗಳಾಗುತ್ತದೆ. ಸ್ಪೇಸ್ ತೆಗೆದು, ಫಾಂಟ್ ಸೆಟ್ಟಿಂಗ್‌ನಲ್ಲಿ ಅಕ್ಷರಗಳ ಅಂತರ ಹೆಚ್ಚಿಸಿ.

ಕಡತಕಟ್ಟು:
63 ಸೊನ್ನೆ ಸಿಕ್ಕವು! ಪದ ಹುಡುಕಿದರೆ ಸಿಗದೇ ಇದ್ದದ್ದೂ ಇದಕ್ಕೇ ಎಂದು ಈಗ ಗೊತ್ತಾಯಿತು. ಕೊನೆಯದೊಂದು: ಎಚ್ ಒತ್ತಿದರೆ ‘ಮುಂದೆ ಶೀರ್ಷಿಕೆ ಇಲ್ಲ’ ಎನ್ನುತ್ತದೆ. ಶೀರ್ಷಿಕೆಗಳೆಲ್ಲ ಬೋಲ್ಡ್, 16 ಪಾಯಿಂಟ್ ಇವೆಯಲ್ಲ?

ಒತ್ತಕ್ಷರ:
ಬೋಲ್ಡ್ ಬರೀ ದಪ್ಪ ಅಕ್ಷರ, ಶೀರ್ಷಿಕೆ ಎಂದು ಯಂತ್ರಕ್ಕೆ ಹೇಳುವುದಿಲ್ಲ. ವರ್ಡ್‌ನಲ್ಲಿ ಆ ಸಾಲಿನಲ್ಲಿ ಕರ್ಸರ್ ಇಟ್ಟು ಕಂಟ್ರೋಲ್ + ಆಲ್ಟ್ + 1 ಒತ್ತಿದರೆ ಹೆಡಿಂಗ್ 1, ಉಪಶೀರ್ಷಿಕೆಗೆ 2. ಅಂದ ಚೆಂದ ಆಮೇಲೆ ಸ್ಟೈಲ್‌ನಲ್ಲಿ ಬದಲಿಸಿಕೊಳ್ಳಿ. ಅಕ್ಷರ ಚಿಕ್ಕದು ಬೇಕೆಂದು ಹೆಡಿಂಗ್ 1 ಆದಮೇಲೆ ನೇರ 4ಕ್ಕೆ ಹಾರಬೇಡಿ, ನಡುವೆ ಏನೋ ತಪ್ಪಿಹೋಯಿತು ಎಂದು ಕೇಳುವವರು ಹಿಂದಕ್ಕೆ ಹೋಗಿ ಹುಡುಕುತ್ತಾರೆ. ಆಮೇಲೆ ಎನ್‌ವಿಡಿಎ ಕೀ + ಸ್ಪೇಸ್‌ನಿಂದ ಬ್ರೌಸ್ ಮೋಡ್‌ಗೆ (ಒಂದೊಂದು ಕೀಲಿಯಿಂದ ಕಡತದಲ್ಲಿ ಓಡಾಡುವ ಸ್ಥಿತಿಗೆ) ಹೋಗಿ ಎಚ್ ಒತ್ತುತ್ತಾ ಬನ್ನಿ. ಎನ್‌ವಿಡಿಎ ಕೀ + ಎಫ್7 ಒತ್ತಿ, ತೆರೆದ ಪಟ್ಟಿಯಲ್ಲಿ ಶೀರ್ಷಿಕೆಗಳನ್ನು ಆಯ್ದರೆ ಎಲ್ಲವೂ ಒಟ್ಟಿಗೆ ಸಿಗುತ್ತವೆ.

ಜಮಾ-ಖರ್ಚಿನ ಪಟ್ಟಿಯನ್ನು ಟ್ಯಾಬ್ ಹೊಡೆದು ಜೋಡಿಸಿದ್ದರೆ ನಿಜವಾದ ಟೇಬಲ್ ಮಾಡಿ, ಮೊದಲ ಸಾಲಿಗೆ ‘ರಿಪೀಟ್ ಹೆಡರ್ ರೋಸ್’ ಕೊಡಿ. ಎರಡು ಮನೆ ಸೇರಿಸಿ ಒಂದು ಮಾಡಿದ್ದರೆ ಬಿಡಿಸಿ, ಯಾವ ಮೊತ್ತ ಯಾವ ಕಾಲಮ್ಮಿನದು ಎಂದು ಅಲ್ಲೇ ತಪ್ಪುವುದು.

ಬಿಂದುಮಾಲೆ:
ಪಿಡಿಎಫ್ ಬೇಕೇ ಬೇಕೆಂದರೆ ‘ಪ್ರಿಂಟ್ ಟು ಪಿಡಿಎಫ್’ ಬೇಡ, ಅದರಲ್ಲಿ ಶೀರ್ಷಿಕೆ, ಟೇಬಲ್‌ಗಳ ಗುರುತು ಅಳಿದುಹೋಗುತ್ತದೆ. ‘ಸೇವ್ ಆ್ಯಸ್’ನಲ್ಲಿ ಪಿಡಿಎಫ್ ಆಯ್ದು, ಆಪ್ಷನ್ಸ್ ಒಳಗೆ ‘ಡಾಕ್ಯುಮೆಂಟ್ ಸ್ಟ್ರಕ್ಚರ್ ಟ್ಯಾಗ್ಸ್ ಫಾರ್ ಆ್ಯಕ್ಸೆಸಿಬಿಲಿಟಿ’ಗೆ ಗುರುತಿರಲಿ. ಅದಕ್ಕೂ ಮುಂಚೆ ಪಠ್ಯವೆಲ್ಲ ಆಯ್ದು ಪ್ರೂಫಿಂಗ್ ಭಾಷೆಯನ್ನು ಕನ್ನಡ ಮಾಡಿ.

ಇಷ್ಟಾದರೂ ಕನ್ನಡ ಪಿಡಿಎಫ್ ನನಗೆ ಪೂರ್ತಿ ನಂಬಿಕೆಯದಲ್ಲ. ಅದು ಮುಖ್ಯವಾಗಿ ಇಡುವುದು ಅಕ್ಷರದ ಆಕಾರ ಮತ್ತು ಜಾಗವನ್ನು; ಪಠ್ಯ ಹೊರತೆಗೆಯುವಾಗ ಒತ್ತು, ಗುಣಿತ ಕಳಚುವುದುಂಟು. ಜೊತೆಗೆ ವರ್ಡ್ ಕಡತವನ್ನೂ ಕಳಿಸಿ. ವೆಬ್ ಪುಟಕ್ಕೂ ಹಾಕುತ್ತೀರಾದರೆ ಪುಟದ ಭಾಷಾ ಸಂಕೇತ ‘ಕೆಎನ್’ ಇದೆಯೇ ನೋಡಿ. ‘ಇಎನ್’ ಎಂದೇ ಉಳಿದಿದ್ದರೆ ಇಂಗ್ಲಿಷ್ ದನಿ ಓದಲು ಹೊರಟು ಕನ್ನಡವನ್ನು ಕೆಡಿಸುತ್ತದೆ, ಕೆಲವು ದನಿಗಳು ಸುಮ್ಮನೆ ದಾಟಿಕೊಂಡು ಹೋಗುತ್ತವೆ.

ಕಡತಕಟ್ಟು:
ವರ್ಡ್ ಕಡತದಲ್ಲಿ 11 ಶೀರ್ಷಿಕೆ, 3 ಟೇಬಲ್ ಸರಿಯಾಗಿ ಸಿಗುತ್ತಿವೆ. ಪಿಡಿಎಫ್‌ನಲ್ಲಿ ನೀವು ಹೇಳಿದ ಹಾಗೆಯೇ ಕೆಲವು ಒತ್ತು ಬಿದ್ದುಹೋಗಿವೆ, ಎರಡನ್ನೂ ಕಳಿಸುತ್ತೇನೆ. ಇಬ್ಬರಿಗೂ ಧನ್ಯವಾದ.