ಅಜ್ಜನ ರಾಲೇ ಸೈಕಲ್ ಯಾವ ವರ್ಷದ್ದು? ಬಲ್ಲವರು ತಿಳಿಸಿ

ಕಾಪುವಿನಿಂದ ಪ್ರಶ್ನೆ:
ಅಟ್ಟದಲ್ಲಿದ್ದ ಅಜ್ಜನ ಸೈಕಲನ್ನು ಕೆಳಗೆ ಇಳಿಸಿದ್ದೇವೆ. ಕಪ್ಪು ಬಣ್ಣ, ರಾಡ್ ಬ್ರೇಕು, ಚೈನ್‌ವೀಲಿನಲ್ಲಿ ಕೊಕ್ಕರೆ ತಲೆಯ ಆಕಾರ, ಹಿಂದಿನ ಗಾಲಿಯಲ್ಲಿ ಮೂರು ಗೇರಿನ ಹಬ್ (ಕಡ್ಡಿಗಳು ಸೇರುವ ನಡುಭಾಗ). 1935ರಲ್ಲಿ ಕೊಂಡದ್ದು ಎನ್ನುತ್ತಾರೆ ದೊಡ್ಡಪ್ಪ. ರಸೀದಿ ಇಲ್ಲ. ಹೊಸ ಬಣ್ಣ ಹೊಡೆಸುವ ಮೊದಲು ವರ್ಷ ತಿಳಿಯಬೇಕು. ಎಲ್ಲಿ ನೋಡಲಿ?

ಮಂಗಳೂರು ಬಂದರಿನಿಂದ:
ಬಣ್ಣದ ಮಾತು ಸದ್ಯಕ್ಕೆ ಬಿಡಿ ಮಾರಾಯರೇ. ಕೊಕ್ಕರೆ ತಲೆಯಿದ್ದರೆ ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನ ರಾಲೇ ಕಂಪನಿಯ ಮಾದರಿ ಎಂದು ತಿಳಿಯಬಹುದು, ವರ್ಷ ತಿಳಿಯುವುದಿಲ್ಲ. ವರ್ಷ ಹೇಳಬಲ್ಲದ್ದು ಆ ಮೂರು ಗೇರಿನ ಹಬ್. ಅದರ ಮೇಲಿನ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ಓದಿ. ಹಬ್ ತಯಾರಕರಾದ ಸ್ಟರ್ಮಿ-ಆರ್ಚರ್ ಹೆಸರಿನ ಜೊತೆ ಮಾದರಿಯ ಅಕ್ಷರವಿರುತ್ತದೆ. ‘ಕೆ’ ಎಂದಿದ್ದರೆ ಅದು 1918ರಲ್ಲಿ ಬಂದ ಹಳೆಯ ಮಾದರಿ, 1930ರ ದಶಕದ ನಡುವಿನವರೆಗೂ ನಡೆಯಿತು. ‘ಎಡಬ್ಲ್ಯೂ’ (AW) ಮಾದರಿ ಹುಟ್ಟಿದ್ದೇ 1936ರಲ್ಲಿ. ಎರಡನೇ ಮಹಾಯುದ್ಧಕ್ಕೆ ಮುಂಚಿನ ಹಬ್ಬಿನಲ್ಲಿ ಅಕ್ಷರದ ಬಳಿ ಒಂಟಿ ಅಂಕಿ ಇದ್ದರೆ ಅದೇ ವರ್ಷ: 8 ಎಂದರೆ 1938. ಯುದ್ಧದ ನಂತರದವುಗಳಲ್ಲಿ ವರ್ಷಕ್ಕೆ ಎರಡು ಅಂಕಿ, ತಿಂಗಳಿಗೆ ಬೇರೆ ಅಂಕಿ.

ಆದರೆ ಹಬ್ಬಿನ ವರ್ಷವೇ ಸೈಕಲಿನ ವರ್ಷ ಎಂದು ಹಿಗ್ಗಬೇಡಿ. ಗಾಲಿ ಬಿಚ್ಚಿ ಹಾಕುವ ಭಾಗ. ನಮ್ಮ ಉಪ್ಪುಗಾಳಿಗೆ ಮೊದಲು ಸಾಯುವುದು ರಿಮ್ಮು ಮತ್ತು ಕಡ್ಡಿ. ಹಳೆಯ ಹಬ್ಬನ್ನೇ ಉಳಿಸಿಕೊಂಡು ಹೊಸ ರಿಮ್ಮಿಗೆ ಕಡ್ಡಿ ಕಟ್ಟುವುದು ಇಲ್ಲಿಯ ಅಂಗಡಿಗಳ ವಾಡಿಕೆ. ಆದ್ದರಿಂದ ರಿಮ್ಮು ಹೊಸದಾಗಿ ಕಂಡರೂ ಹಬ್ ಮೂಲದ್ದಾಗಿರಬಹುದು. ಇನ್ನೊಂದು ಸೈಕಲಿನಿಂದ ಬಂದದ್ದೂ ಆಗಿರಬಹುದು. ಟೈರು, ಪೆಡಲು, ಬೆಲ್ಲು ಯಾವುದನ್ನೂ ಸಾಕ್ಷಿಗೆ ಕರೆಯಬೇಡಿ. ಚರ್ಮದ ಸೀಟು ಇಲ್ಲಿಯ ಮಳೆಗಾಲಗಳನ್ನು ದಾಟಿ ಉಳಿದಿದ್ದರೆ ಅದೇ ಒಂದು ಪವಾಡ.

ಹ್ಯಾಂಡಲಿನ ಹೊಳಪನ್ನೂ ನೋಡಿ. ನಿಕಲ್ ಲೇಪಕ್ಕೆ ತುಸು ಹಳದಿ ಛಾಯೆ ಇರುತ್ತದೆ, ಕ್ರೋಮ್ ನೀಲಿಗೆ ವಾಲುತ್ತದೆ. ಸೈಕಲುಗಳು ನಿಕಲ್ ಬಿಟ್ಟು ಕ್ರೋಮಿಗೆ ಹೊರಳಿದ್ದು 1930ರ ಆಸುಪಾಸಿನಲ್ಲಿ. ಹೊಳೆಯಬೇಕಾದ ಭಾಗಗಳಿಗೆಲ್ಲ ಕಾರ್ಖಾನೆಯಲ್ಲೇ ಕಪ್ಪು ಬಳಿದಿದ್ದರೆ ಯುದ್ಧಕಾಲದ್ದೇ ಎಂಬ ಅನುಮಾನಕ್ಕೆ ಎಡೆಯಿದೆ. ಆಗ ಲೋಹ ಲೇಪಕ್ಕೆ ಕಡಿವಾಣ ಬಿದ್ದಿತ್ತು.

ಉಡುಪಿಯಿಂದ, ತಂದೆಯ ಕಾಲದಿಂದ ಸೈಕಲ್ ರಿಪೇರಿ ಅಂಗಡಿ ಇರುವವರು:
ಹ್ಯಾಂಡಲಿನ ಕೆಳಗಿನ ಬೇರಿಂಗ್ ಕಪ್‌ಗಳನ್ನು ಯಾರೂ ಗಮನಿಸುವುದಿಲ್ಲ. ರಾಲೇ ತನ್ನ ಸೈಕಲುಗಳ ಹ್ಯಾಂಡಲ್ ಬುಡಕ್ಕೂ ಎರಡು ಪೆಡಲುಗಳ ನಡುವಿನ ಅಚ್ಚು ಕೂರುವ ಕಡೆಗೂ ಅಂಗುಲಕ್ಕೆ 26 ಎಳೆಯ ಥ್ರೆಡ್ ಹಾಕುತ್ತಿತ್ತು, ಉಳಿದ ಬಹುಪಾಲು ಇಂಗ್ಲಿಷ್ ಸೈಕಲುಗಳದ್ದು 24. ಬಜಾರಿನ ಮಾಮೂಲಿ ಕಪ್ ಅದಕ್ಕೆ ಕೂರುವುದಿಲ್ಲ. ಆದ್ದರಿಂದ ಈ ಎರಡು ಕಡೆಯ ಭಾಗಗಳು ಸಾಮಾನ್ಯವಾಗಿ ಹುಟ್ಟಿನಿಂದ ಬಂದವೇ. ಅಲ್ಲಿ ಬಲವಂತವಾಗಿ ತಿರುಗಿಸಿ ಥ್ರೆಡ್ ಹಾಳುಮಾಡಿದ್ದರೆ ಯಾರೋ ಮೊದಲೇ ಕೈಯಾಡಿಸಿದ್ದಾರೆ ಎಂದರ್ಥ.

ಹ್ಯಾಂಡಲಿನ ಕೆಳಗೆ ಎದುರಿನ ಕೊಳವೆಯಲ್ಲಿರುವ ಲೋಹದ ಬಿಲ್ಲೆಯನ್ನು ಓದಲು ಪ್ರಯತ್ನಿಸಿ. ಸೇನ್-ರಾಲೇ ಎಂದಿದ್ದರೆ ಅದು ಬಂಗಾಳದ ಆಸನ್‌ಸೋಲಿನಲ್ಲಿ ತಯಾರಾದದ್ದು, ಅಂದರೆ 1950ರ ದಶಕದ್ದು ಅಥವಾ ಆಮೇಲಿನದು. ಆಗ ದೊಡ್ಡಪ್ಪನವರ 1935ರ ಕಥೆ ಮುಗಿಯಿತು.

ಕಾರ್ಕಳದಿಂದ:
ಪುರಸಭೆಯ ತೆರಿಗೆ ಬಿಲ್ಲೆ ಸಿಕ್ಕಿತೇ? ಮದರಾಸು ಪ್ರಾಂತ್ಯದ ಪುರಸಭೆಗಳು ಸೈಕಲಿಗೆ ತೆರಿಗೆ ವಸೂಲಿ ಮಾಡಿ ಲೋಹದ ಬಿಲ್ಲೆ ಕೊಡುತ್ತಿದ್ದವು, 1956ರವರೆಗೂ ನಮ್ಮ ಜಿಲ್ಲೆ ಆ ಪ್ರಾಂತ್ಯದ್ದೇ. ಮಡ್‌ಗಾರ್ಡಿನಲ್ಲೋ ಸೀಟಿನ ಕೆಳಗೋ ತಂತಿಯಿಂದ ಕಟ್ಟಿದ್ದು ಉಳಿದಿರಬಹುದು. ಆ ವರ್ಷ ಸೈಕಲು ರಸ್ತೆಯಲ್ಲಿತ್ತು ಎಂದಷ್ಟೇ ಅದು ಹೇಳುತ್ತದೆ, ಆದರೆ ಅಷ್ಟಾದರೂ ಗಟ್ಟಿ.

ಬಣ್ಣದ ಪದರಗಳನ್ನು ಸೀಟಿನ ಕ್ಲಾಂಪಿನ ಕೆಳಗೆ ನೋಡಿ. ಒಳಗೆ ಒಲೆಯಲ್ಲಿ ಬೇಯಿಸಿದ ಎನಾಮಲ್ ಇದ್ದರೆ ಹತ್ತಿಯಲ್ಲಿ ಅದ್ದಿದ ತಿನ್ನರ್‌ಗೆ ಸುಲಭವಾಗಿ ಕರಗುವುದಿಲ್ಲ. ಕೈಯಿಂದ ಬಳಿದ ಮೇಲ್ಪದರ ಬೇಗ ಬಿಡುತ್ತದೆ. ಚಿನ್ನದ ಗೆರೆ, ಹೆಸರಿನ ಅಕ್ಷರ ಇರುವ ಕಡೆ ಮಾತ್ರ ಸೀಮೆಎಣ್ಣೆಯಾಗಲಿ ತಿನ್ನರ್ ಆಗಲಿ ಬೇಡ. ಒಮ್ಮೆ ಎದ್ದು ಹೋದರೆ ಮತ್ತೆ ಬರುವುದಿಲ್ಲ. ಫೋಟೋ ತೆಗೆಯುವವರೆಗೆ ಮರಳುಕಾಗದವನ್ನು ಮನೆಗೇ ತರಬೇಡಿ.

ಕಾಪುವಿನವರು ಮತ್ತೆ:
ಎಲ್ಲರಿಗೂ ಧನ್ಯವಾದ. ಹಬ್ಬಿನಲ್ಲಿ ‘ಎಡಬ್ಲ್ಯೂ’, ಪಕ್ಕದಲ್ಲಿ 8. ಹ್ಯಾಂಡಲ್ ಕ್ರೋಮ್. ಬಿಲ್ಲೆಯಲ್ಲಿ ನಾಟಿಂಗ್‌ಹ್ಯಾಮ್ ಎಂದಿದೆ. ತೆರಿಗೆ ಬಿಲ್ಲೆ ಇಲ್ಲ.

ಮಂಗಳೂರು ಬಂದರಿನಿಂದ:
ಹಾಗಾದರೆ 1938ರ ಹಬ್. ಗಾಲಿ ಮೂಲದ್ದಾಗಿದ್ದರೆ ಸೈಕಲು 1938ರ ಕೊನೆಗೋ 1939ಕ್ಕೋ ಬರುತ್ತದೆ, 1935 ಆಗದು. ಗಾಲಿ ಬದಲಾಗಿದ್ದರೆ ದೊಡ್ಡಪ್ಪನವರ ಮಾತಿಗೆ ಇನ್ನೂ ಜೀವವಿದೆ. ಅವರನ್ನು ಎರಡು ವಿಷಯ ಕೇಳಿ: ಅಜ್ಜ ಕೊಂಡಾಗಲೇ ಗೇರು ಇತ್ತೇ, 1935 ಎಂಬುದು ಅಜ್ಜ ಹೇಳಿದ್ದೇ ಅಥವಾ ಲೆಕ್ಕ ಹಾಕಿದ್ದೇ?

ಕಾಪುವಿನವರು:
ಕೇಳಿದೆ. ಗೇರು ಮೊದಲಿನಿಂದಲೂ ಇತ್ತಂತೆ. 1935 ಮಾತ್ರ ಅಜ್ಜನ ಮದುವೆಯ ವರ್ಷ, ಸೈಕಲು ಬಂದದ್ದು ಅದರ ನಂತರವಂತೆ. ಈಗ ಬಣ್ಣ ಹೊಡೆಸುವುದಿಲ್ಲ. ಚೈನ್ ಮತ್ತು ಟೈರು ಮಾತ್ರ ಹೊಸದು ಹಾಕಿಸುತ್ತೇನೆ.